ಯಾವ ಎಣ್ಣಿ? ರೋಗಿಯ ಮಾತು ಕೇಳಲು ಕಲಿಸಿದ ಒಂದು ಪ್ರಕರಣ

ರೋಗಿಯ ಹೆಂಡತಿ ಹೇಳಿದ್ದು ಇಷ್ಟು: "ಸಂಜೀಕ ಎಣ್ಣಿ ಹೊಡದು ಬಂದ್ರಿ. ಬಂದವ್ರ ಹಂಗ ಅಡ್ಡಾದ್ರು. ಆಮ್ಯಾಲ ವಾಂತಿ ಚಾಲೂ ಆತು."

ವೈದ್ಯಕೀಯ ವಿದ್ಯಾರ್ಥಿನಿ ಕೇಸ್ ಶೀಟಿನಲ್ಲಿ ಬರೆದದ್ದು: ಮದ್ಯಪಾನದ ನಂತರ ವಾಂತಿ. ಹತ್ತು ವರ್ಷದಿಂದ ಕುಡಿತದ ಅಭ್ಯಾಸ, ವಾರಕ್ಕೊಮ್ಮೆ.

ಈ ಎರಡರ ನಡುವೆ ಏನಾಯಿತು, ಅದರಿಂದ ನಮ್ಮ ಯೂನಿಟ್ಟಿನಲ್ಲಿ ಪಾಠದ ರೀತಿ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ರೋಗಿಯ ಮನೆಯವರೂ ಆ ವಿದ್ಯಾರ್ಥಿನಿಯೂ ಇದಕ್ಕೆ ಒಪ್ಪಿದ್ದಾರೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ನಾನು ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೆಡಿಸಿನ್ ಪಾಠ ಮಾಡುತ್ತೇನೆ. ಸುತ್ತಲೂ ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆ ಭೂಮಿ. ಎರಡನೇ ವರ್ಷದ ಎಂಬಿಬಿಎಸ್ ಹುಡುಗ ಹುಡುಗಿಯರು ಹತ್ತತ್ತು ಜನರ ಬ್ಯಾಚಾಗಿ ವಾರ್ಡಿಗೆ ಬರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಆಗ ಒಬ್ಬೊಬ್ಬರಿಗೆ ಒಂದೊಂದು ಬೆಡ್ ಹಂಚುತ್ತಿದ್ದೆವು. ರೋಗಿಯನ್ನೂ ಜೊತೆಗಿದ್ದವರನ್ನೂ ಮಾತಾಡಿಸಿ, ಹತ್ತೂವರೆಯ ರೌಂಡ್ಸ್‌ನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರೆಸೆಂಟ್ ಮಾಡಬೇಕು.

ನಮ್ಮಲ್ಲಿ ಹಿಸ್ಟರಿಯನ್ನು, ಅಂದರೆ ರೋಗಿ ಹೇಳುವ ಕಾಯಿಲೆಯ ವಿವರವನ್ನು, 'ಕೇಳುವುದು' ಎನ್ನುವುದಿಲ್ಲ, 'ತೆಗೆಯುವುದು' ಎನ್ನುತ್ತೇವೆ. ಆ ಮಾತಿನಲ್ಲೇ ನಮ್ಮ ತೊಂದರೆ ಇದೆ ಎಂದು ನನಗೆ ಈಚೆಗೆ ಅನ್ನಿಸುತ್ತದೆ. ಮುಖ್ಯ ತೊಂದರೆ, ಎಷ್ಟು ದಿನದಿಂದ, ಹಿಂದಿನ ಕಾಯಿಲೆ, ಮನೆಯವರ ಕಾಯಿಲೆ, ಊಟ, ನಿದ್ದೆ, ಚಟ ಎಂದು ಮಕ್ಕಳ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಪಟ್ಟಿಯ ಖಾನೆ ತುಂಬಿದರೆ ಹಿಸ್ಟರಿ ಮುಗಿಯಿತು. 2019ರಲ್ಲಿ ಸೇರಿದ ಬ್ಯಾಚಿನಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಕ್ಕೆಂದೇ 'ಏಟ್‌ಕಾಮ್' ಎಂಬ ಪಾಠಗಳಿವೆ, ಮೊದಲ ವರ್ಷದ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯ ತರಗತಿಯೂ ಇದೆ. ಒಳ್ಳೆಯದೇ. ಆದರೆ ಕ್ಲಾಸ್‌ರೂಮಿನಲ್ಲಿ ಕಲಿತದ್ದು ವಾರ್ಡಿನ ಬಾಗಿಲು ದಾಟಿ ಒಳಗೆ ಬರುವುದು ಕಷ್ಟ.

ಈ ವಿದ್ಯಾರ್ಥಿನಿ ಬೆಂಗಳೂರಿನವಳು, ಮನೆಮಾತು ಕನ್ನಡ, ಬ್ಯಾಚಿನಲ್ಲಿ ಚುರುಕಾದವಳು. ಅವಳ ಪಕ್ಕದ ಬೆಡ್ಡಿಗೆ ಹೋದ ಹುಡುಗ ಕೇರಳದವನು, ಕನ್ನಡ ಆಗತಾನೆ ಕಲಿಯುತ್ತಿದ್ದ. ಅವನು ಎರಡು ಮಾತಿಗೊಮ್ಮೆ "ಹಾಗಂದ್ರೆ ಏನು?" ಎಂದು ಕೇಳುತ್ತಾನೆ. ಅವಳಿಗೆ ಹಾಗೆ ಕೇಳಬೇಕೆಂದು ಅನ್ನಿಸಲೇ ಇಲ್ಲ, ಏಕೆಂದರೆ ಅವಳಿಗೆ ಕನ್ನಡ ಬರುತ್ತದೆ.

ಆ ಬೆಳಿಗ್ಗೆ

ರೋಗಿ ನಲವತ್ತು ದಾಟಿದ ರೈತ. ಹಿಂದಿನ ರಾತ್ರಿ ಹನ್ನೊಂದರ ಸುಮಾರಿಗೆ ವಾಂತಿ, ಭೇದಿ, ಸುಸ್ತು ಎಂದು ಕರೆತಂದಿದ್ದರು. ಕ್ಯಾಶುಯಲ್ಟಿಯಲ್ಲಿ ಆ ರಾತ್ರಿ ವಿಪರೀತ ಜನ. ವಾಂತಿ ಭೇದಿ ಎಂದು ಬರೆದು ಗ್ಲುಕೋಸ್ ಹಾಕಿ ವಾರ್ಡಿಗೆ ಕಳಿಸಿದ್ದರು.

ವಿದ್ಯಾರ್ಥಿನಿ ಹೆಂಡತಿಯನ್ನು ಕೇಳಿದ ಮುಂದಿನ ಪ್ರಶ್ನೆಗಳನ್ನು ಆಮೇಲೆ ಅವಳಿಂದಲೇ ನೆನಪು ಮಾಡಿಸಿ ಬರೆದುಕೊಂಡಿದ್ದೇನೆ.

"ಎಷ್ಟು ವರ್ಷದಿಂದ ಎಣ್ಣೆ ಹೊಡೀತಾರೆ?"

"ಹತ್ತ ವರ್ಷ ಆತ್ರಿ."

"ದಿನಾನಾ?"

"ದಿನಾ ಇಲ್ರಿ, ವಾರಕ್ಕೊಮ್ಮಿ."

ಎಲ್ಲ ಉತ್ತರವೂ ಖಾನೆಗೆ ಸರಿಯಾಗಿ ಕೂತಿತು. ಬೆಂಗಳೂರು, ಮೈಸೂರಿನ ಹುಡುಗರ ಮಾತಿನಲ್ಲಿ ಎಣ್ಣೆ ಹೊಡೆಯುವುದು ಎಂದರೆ ಕುಡಿಯುವುದು. ಇಲ್ಲಿನ ಹೊಲದಲ್ಲಿ ಎಣ್ಣಿ ಹೊಡೆಯುವುದು ಎಂದರೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. ಇಬ್ಬರೂ ಆಡಿದ್ದು ಕನ್ನಡವೇ, ಇಬ್ಬರೂ ಸುಳ್ಳು ಹೇಳಲಿಲ್ಲ, ನಾಲ್ಕು ವಾಕ್ಯ ಒಂದಕ್ಕೊಂದು ಹೊಂದಿಕೊಂಡೇ ನಡೆದವು. 'ಯಾವ ಎಣ್ಣಿ?' ಎಂಬ ಒಂದು ಪ್ರಶ್ನೆ ಮಾತ್ರ ಬರಲಿಲ್ಲ.

ರೌಂಡ್ಸ್‌ನಲ್ಲಿ ಅವಳು 'ಕ್ರಾನಿಕ್ ಆಲ್ಕೊಹಾಲಿಕ್' ಎಂದು ಓದಿದಾಗ ರೋಗಿಯ ತಮ್ಮ ಮಂಚದ ಕಾಲಬಳಿ ನಿಂತಿದ್ದ. ಉಳಿದ ಇಂಗ್ಲಿಷ್ ಅವನಿಗೆ ತಿಳಿಯದಿದ್ದರೂ ಆ ಒಂದು ಪದ ತಿಳಿಯಿತು. ಮುಂದೆ ಬಂದವನೇ ಅಣ್ಣನ ಅಂಗಿಯ ಕಾಲರ್ ಸರಿಸಿ ಕೊರಳಲ್ಲಿದ್ದ ತುಳಸಿ ಮಾಲೆಯನ್ನು ಹೊರಗೆಳೆದ. "ಪಂಢರಪುರದ ಮಾಲಿ ಐತ್ರಿ ಕೊಳ್ಳಾಗ. ಹನ್ನೆರಡ ವರ್ಷ ಆತು, ಒಂದ ಹನಿ ಮುಟ್ಟಿಲ್ಲ. ಇಂಥವಂಗ ಕುಡುಕ ಅಂತ ಬರೀತೀರೇನ್ರಿ?"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂದಳು: "ನಾ ಹಂಗ ಅಂದಿಲ್ರಿ. ಹತ್ತಿಗೆ ಎಣ್ಣಿ ಹೊಡದು ಬಂದ್ರು ಅಂದೆ."

ನಾನು ಟಾರ್ಚ್ ತೆಗೆದು ಕಣ್ಣು ನೋಡಿದೆ. ಪಾಪೆ ಸೂಜಿಮೊನೆಯಷ್ಟಾಗಿತ್ತು. ನಾಡಿ ನಿಮಿಷಕ್ಕೆ 56. ಫ್ಯಾನಿನ ಕೆಳಗೆ ಮಲಗಿದ್ದರೂ ಹಣೆ, ಎದೆ ಬೆವತಿದ್ದವು. ಪಕ್ಕಕ್ಕೆ ಹೊರಳಿಸಿದಾಗ ಬೆನ್ನ ಮೇಲೆ ಅಂಗಿಯಲ್ಲಿ ಹೆಗಲಿನಿಂದ ಸೊಂಟದವರೆಗೂ ಬೆಳ್ಳಗಿನ ಕಲೆ ಒಣಗಿ ಗಟ್ಟಿಯಾಗಿತ್ತು. ಸಿಂಪಡಿಸುವಾಗ ತೊಟ್ಟ ಅಂಗಿಯಲ್ಲೇ ಅವರು ರಾತ್ರಿಯಿಡೀ ನಮ್ಮ ವಾರ್ಡಿನಲ್ಲಿ ಮಲಗಿದ್ದರು. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ನರದ ಸಂದೇಶವನ್ನು ಒರೆಸಿಹಾಕುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಬೆವರು, ಜೊಲ್ಲು, ವಾಂತಿ, ಭೇದಿ, ಸಣ್ಣ ಪಾಪೆ, ನಿಧಾನ ನಾಡಿ ಎಲ್ಲವೂ ಅದರ ಗುರುತುಗಳೇ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸಿದ 20ಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ಭಾಗದ ವೈದ್ಯರು ಮರೆಯಬಾರದ ಸಂಗತಿ. ಅಂಗಿ ಕತ್ತರಿಸಿ ತೆಗೆದು, ಸಾಬೂನು ಹಚ್ಚಿ ಮೈ ತೊಳೆಸಿ, ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಶುರು ಮಾಡಿದೆವು. ಆ ಕಿಣ್ವವನ್ನು ಅಳೆಯುವ ಕೋಲಿನೆಸ್ಟರೇಸ್ ಪರೀಕ್ಷೆಗೆ ರಕ್ತ ಕಳಿಸಿದೆವು.

ನಾನು ಮಾಡಿದ ತಪ್ಪು

ಇಲ್ಲಿಯವರೆಗಿನದು ವಿದ್ಯಾರ್ಥಿನಿಯ ತಪ್ಪು ಎಂದು ಯಾರಾದರೂ ಓದಿಕೊಂಡರೆ ಅದು ನ್ಯಾಯವಲ್ಲ. ಕೀಟನಾಶಕಕ್ಕೆ ಇಲ್ಲಿ ಎಣ್ಣಿ ಎನ್ನುತ್ತಾರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೂ ಆ ಹೊತ್ತಿಗೆ ವಾರ್ಡಿನ ನಡುವೆ, ಎಲ್ಲರ ಎದುರು, "ಇಷ್ಟೂ ಗೊತ್ತಾಗಲ್ವಾ ನಿನಗೆ?" ಎಂದು ಜೋರು ಮಾಡಿದೆ. ಅವಳು ಅಳತೊಡಗಿದಳು.

ಅದರಿಂದ ಕೆಟ್ಟದ್ದು ಬೇರೆಯೇ. ನನ್ನ ಕೂಗು ಕೇಳಿದ ಮನೆಯವರಿಗೆ ದೊಡ್ಡ ಅನಾಹುತ ಆಗಿಹೋಗಿದೆ ಎನ್ನಿಸಿತು. ರೋಗಿಯ ತಮ್ಮ ಹತ್ತು ನಿಮಿಷದಲ್ಲಿ ಬಂದು, "ಡಿಸ್ಚಾರ್ಜ್ ಬರದು ಕೊಡ್ರಿ, ಖಾಸಗಿ ದವಾಖಾನಿಗೆ ಒಯ್ತೀವಿ" ಎಂದ. ಹೆಂಡತಿ ಆಗಲೇ ತಂಬಿಗೆ, ಚಾದರ ಗಂಟು ಕಟ್ಟುತ್ತಿದ್ದಳು.

ಈ ವಿಷದಲ್ಲಿ ಹೆದರಿಕೆಯ ಇನ್ನೊಂದು ಘಟ್ಟವಿದೆ. ಮೊದಲ ಲಕ್ಷಣಗಳು ಇಳಿದು ರೋಗಿ ಚೇತರಿಸಿದಂತೆ ಕಂಡ ಮೇಲೆ, ವಿಷ ತಗುಲಿದ 24ರಿಂದ 96 ಗಂಟೆಯೊಳಗೆ, ಕೆಲವರಿಗೆ ಕತ್ತಿನ ಬಲ ಹೋಗುತ್ತದೆ, ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಆಮೇಲೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಹಾಗಾಗಿ ಆ ಕುಟುಂಬ ಸಿಟ್ಟಿನಲ್ಲಿ ಹೊರಟು, ಹಾದಿಯಲ್ಲಿ 'ಆರಾಮ ಆಗೇನಿ' ಎಂದು ರೋಗಿ ಮನೆಗೇ ಹೋಗಿಬಿಟ್ಟರೆ ಎಂಬುದು ನನ್ನ ಭಯ.

ಯಾರು ಹೋಗಿ ಮಾತಾಡಬೇಕು?

ಪಿಜಿ ವೈದ್ಯರು "ನೀವೇ ಹೋಗಿ ಸರ್, ದೊಡ್ಡವರು ಹೇಳಿದರೆ ಕೇಳ್ತಾರೆ" ಎಂದರು. ನಾನೂ ಹೊರಟಿದ್ದೆ. ವಾರ್ಡಿನ ಹಿರಿಯ ಸಿಸ್ಟರ್ ತಡೆದರು. "ಮಾತು ಯಾರ ಬಾಯಿಂದ ತಪ್ಪೇತೋ ಅವರ ಬಾಯಿಂದನ ಸರಿ ಆಗಬೇಕ್ರಿ ಸರ್. ಆ ಹುಡುಗೀನ ಕಳಸ್ರಿ, ನೀವು ಹಿಂದ ನಿಂದರ್ರಿ."

ಈ ಪ್ರಕರಣದಲ್ಲಿ ಸರಿಯಾದ ಮೊದಲ ನಿರ್ಧಾರ ಅವರದು. ಡ್ಯೂಟಿ ರೂಮಿನಲ್ಲಿ ಕೂತಿದ್ದ ವಿದ್ಯಾರ್ಥಿನಿಯ ಬಳಿ ಹೋಗಿ ಮೊದಲು ನಾನು ಕ್ಷಮೆ ಕೇಳಿದೆ. ಆಮೇಲೆ, "ಹೋಗಿ ಮಾತಾಡ್ತೀಯಾ? ಬೇಡ ಅನ್ನಿಸಿದರೆ ಬೇಡ" ಎಂದೆ. ಮುಖ ತೊಳೆದು ಬಂದಳು. ಪ್ಯಾಡ್, ಪೆನ್ನು ಎರಡನ್ನೂ ಮೇಜಿನ ಮೇಲೇ ಬಿಡಲು ಹೇಳಿದೆ.

ಸ್ಟೂಲ್ ಎಳೆದುಕೊಂಡು ಹೆಂಡತಿಯ ಎದುರು ಕೂತಳು. "ಅಕ್ಕಾ, ನಾನು ಬೆಂಗಳೂರಿನವಳು. ನಮ್ಮ ಕಡೆ ಎಣ್ಣೆ ಹೊಡೆಯೋದು ಅಂದ್ರೆ ಕುಡಿಯೋದು. ನೀವು ಸರಿಯಾಗೇ ಹೇಳಿದ್ರಿ, ನಾನು ತಪ್ಪಾಗಿ ತಿಳ್ಕೊಂಡೆ. ನಿನ್ನೆ ಮಧ್ಯಾಹ್ನದಿಂದ ಏನೇನಾಯ್ತು, ಇನ್ನೊಂದ್ಸಲ ಹೇಳ್ತೀರಾ? ನಾನು ನಡುವೆ ಬಾಯಿ ಹಾಕಲ್ಲ."

ಹೆಂಡತಿ ಗಂಟು ಕೆಳಗಿಟ್ಟು ಹೇಳತೊಡಗಿದಳು. ನಾಲ್ಕೈದು ನಿಮಿಷ ಆಗಿರಬಹುದು. ಸಿಂಪಡಿಸುವ ಪಂಪಿನ ಮುಚ್ಚಳದ ವಾಷರ್ ಹೋದ ವರ್ಷವೇ ಹರಿದಿತ್ತು, ಅರಿವೆ ಸುತ್ತಿ ನಡೆಸುತ್ತಿದ್ದರು, ಬಗ್ಗಿದಾಗೆಲ್ಲ ಬೆನ್ನಿಗೆ ಸೋರುತ್ತಿತ್ತು. ಹುಳ ಸಾಯಲಿಲ್ಲ ಎಂದು ಈ ಸಲ ಎರಡು ಬಾಟಲಿಯ ಎಣ್ಣಿ ಕೂಡಿಸಿದ್ದರು. ಎದುರುಗಾಳಿ ಇತ್ತು. ಬಕೆಟ್ಟಿನಲ್ಲಿ ಕಲಸುವುದು ಅವಳ ಕೆಲಸ, ನೀರು ಹೊರುವುದು ಹದಿನಾಲ್ಕು ವರ್ಷದ ಮಗನ ಕೆಲಸ. ಆ ಪಟ್ಟಿಯ ಯಾವ ಖಾನೆಯಲ್ಲೂ ಇವಕ್ಕೆ ಜಾಗವಿರಲಿಲ್ಲ.

ಬಾಟಲಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ವಿದ್ಯಾರ್ಥಿನಿ ತಮ್ಮನ ಕಡೆ ತಿರುಗಿ, "ಅಣ್ಣಾ, ಹೊಲದಲ್ಲಿ ಬಾಟಲಿ ಇರುತ್ತಾ? ಅದರ ಫೋಟೋ ತರಿಸೋಕಾಗುತ್ತಾ? ನಮಗೆ ತುಂಬಾ ಸಹಾಯ ಆಗುತ್ತೆ" ಎಂದಳು. ಅವನು ಸುಮ್ಮನೆ ಫೋನ್ ಹಚ್ಚಿದ. ಇಪ್ಪತ್ತು ನಿಮಿಷದಲ್ಲಿ ಎರಡೂ ಲೇಬಲ್ಲಿನ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬಂದವು. ಒಂದು ಆರ್ಗನೊಫಾಸ್ಫೇಟೇ ಆಗಿತ್ತು. ಆಮೇಲೆ ಅವನು ಡಿಸ್ಚಾರ್ಜ್ ಮಾತೆತ್ತಲಿಲ್ಲ. ಅವನ ಸಿಟ್ಟಿಗೆ ಸಮಾಧಾನ ಹೇಳಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ. ಅಣ್ಣನಿಗಾಗಿ ಮಾಡಬಹುದಾದ ಒಂದು ಕೆಲಸ ಸಿಕ್ಕಿದ್ದರಿಂದ ಉಳಿದ ಎಂದು ನನ್ನ ನಂಬಿಕೆ.

ಇನ್ನೇನು ಏಳಬೇಕು ಎನ್ನುವಾಗ ವಿದ್ಯಾರ್ಥಿನಿ ನಾನು ಹೇಳಿಕೊಡದ ಒಂದು ಕೆಲಸ ಮಾಡಿದಳು. "ಅಕ್ಕಾ, ನನಗೆ ಅರ್ಥ ಆಗಿದ್ದು ಹೇಳ್ತೀನಿ, ತಪ್ಪಿದ್ರೆ ತಿದ್ದಿ" ಎಂದು, ಕೇಳಿದ್ದನ್ನೆಲ್ಲ ತನ್ನ ಕನ್ನಡದಲ್ಲಿ ತಿರುಗಿ ಹೇಳಿದಳು. ಇನ್ನೊಮ್ಮೆ ತಪ್ಪುವ ಭಯದಿಂದ ಹಾಗೆ ಮಾಡಿದೆ ಎಂದು ಆಮೇಲೆ ಅಂದಳು. ಹೆಂಡತಿ ಎರಡು ಕಡೆ ತಿದ್ದಿದಳು. ವಾಂತಿ ಮನೆಗೆ ಬಂದ ಮೇಲಲ್ಲ, ಹೊಲದ ಬದುವಿನಲ್ಲೇ ಒಮ್ಮೆ ಆಗಿತ್ತು. ಕಲಸುವುದು ಬಡಿಗೆಯಿಂದ, "ಬಡಗಿ ಸಿಗಲಿಲ್ಲಂದ್ರ ಕೈಲೇನ." ಹೀಗೆನ್ನುತ್ತ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟಳು. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು. ಆ ಕೈಯನ್ನು ನಾವ್ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ.

ಇನ್ನೂ ಕೇಳಬೇಕಾದ ಒಂದು ಪ್ರಶ್ನೆ

ನಮ್ಮ ಭಾಗದಲ್ಲಿ ಎಣ್ಣಿಗೆ ಮೂರನೆಯ ಅರ್ಥವೂ ಇದೆ. 'ಎಣ್ಣಿ ಕುಡದ' ಎಂದರೆ ಜೀವ ಕಳೆದುಕೊಳ್ಳಲು ಹೋದ ಎಂದು. ವಿಷದ ಕೇಸ್ ಎಂದ ಕೂಡಲೇ ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಕೇಸ್ ಆಗುತ್ತದೆ, ಪೊಲೀಸರಿಗೆ ತಿಳಿಸಬೇಕಾಗುತ್ತದೆ, ಮನೆಯವರು ಬಾಯಿ ಬಿಗಿಯುತ್ತಾರೆ. ಈ ಪ್ರಶ್ನೆಯನ್ನು ಹೆಂಡತಿ, ತಮ್ಮನ ಎದುರು ಕೇಳಿದರೆ ಉತ್ತರ ಒಂದೇ: ಇಲ್ಲ.

ಸಂಜೆ, ಅಟ್ರೋಪಿನ್ ಹಿಡಿತಕ್ಕೆ ಬಂದು ರೋಗಿ ಸರಿಯಾಗಿ ಮಾತಾಡುತ್ತಿದ್ದಾಗ, ಮನೆಯವರನ್ನು ಚಹಾಕ್ಕೆ ಕಳಿಸಿ, ಪರದೆ ಎಳೆದು, ನಾನೇ ಕೇಳಿದೆ. ವಿದ್ಯಾರ್ಥಿನಿ ಪಕ್ಕದಲ್ಲಿ ಕೂತಿದ್ದಳು. "ಹೊಲದ ಕೆಲಸ, ಸಾಲದ ತ್ರಾಸು ಇದ್ದಾಗ ಕೆಲವರಿಗೆ ಬದುಕೇ ಬ್ಯಾಡ ಅನಸ್ತದ. ನಿಮಗೂ ಹಂಗ ಅನಿಸಿತ್ತೇನು? ಏನರ ಕುಡದಿರೇನು?" ನೇರವಾಗಿ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂದು ಮಕ್ಕಳು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಎಷ್ಟೋ ಜನಕ್ಕೆ ಕೇಳಿದ್ದೇ ಒಂದು ಆಸರೆ.

ಅವರು ಚಾವಣಿ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. ನನ್ನ ನಾಲಿಗೆಯ ತುದಿಗೆ ಇನ್ನೊಂದು ಪ್ರಶ್ನೆ ಬಂತು, ತಡೆದುಕೊಂಡೆ. ಕಡೆಗೆ, "ಈ ಸಲ ಇಲ್ರಿ ಸಾಹೇಬ್ರ. ಹ್ವಾದ ವರ್ಷ ಮಳಿ ಕೈಕೊಟ್ಟಾಗ ಅನಿಸಿತ್ತು. ಯಾರ ಮುಂದೂ ಹೇಳಿಲ್ಲ" ಎಂದರು. ಮನೋವೈದ್ಯರನ್ನು ಕರೆಸಿದೆವು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆವು. ವಿದ್ಯಾರ್ಥಿನಿಗೆ ನಾನು ಆ ದಿನ ಹೇಳಿದ ಇನ್ನೊಂದು ವಿಷಯ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆಯೆಂದು ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಮನೆಯವರು ಬಾಯಿ ಬಿಡದಿದ್ದಾಗ ಇದನ್ನು ತಿಳಿಸಿದರೆ ಎಷ್ಟೋ ಸಲ ಮಾತು ಸಡಿಲಾಗುತ್ತದೆ.

ಕೋಲಿನೆಸ್ಟರೇಸ್ ಕಡಿಮೆ ಬಂತು. ನಾಲ್ಕು ದಿನ ಬೆಳಿಗ್ಗೆ ಸಂಜೆ ದಿಂಬಿನಿಂದ ತಲೆ ಎತ್ತಿಸಿ ನೋಡಿದೆವು, ಬಲ ಕುಂದಲಿಲ್ಲ. ಆರನೇ ದಿನ ನಡೆದುಕೊಂಡು ಮನೆಗೆ ಹೋದರು.

ಪಾಠದಲ್ಲಿ ಏನು ಬದಲಿಸಿದೆವು

ಮೊದಲು ಸುಲಭದ ದಾರಿ ಹಿಡಿದೆವು. ಸಿಸ್ಟರ್, ಆಯಾಗಳ ಸಹಾಯದಿಂದ ಈ ಭಾಗದ ಮಾತುಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆವು. ಎಣ್ಣಿ, ದಮ್ಮು, ಜೋಮು, ಸಂಡಾಸ, ಹೆಣ್ಣುಮಕ್ಕಳು ತಿಂಗಳ ಮುಟ್ಟಿಗೆ ಅನ್ನುವ 'ಕಡಿಗಿ ಆಗೂದು'. ಪಟ್ಟಿಯಿಂದ ಒಂದಷ್ಟು ಉಪಯೋಗವಾಯಿತು. ಆದರೆ ಎರಡೇ ವಾರದಲ್ಲಿ ಒಬ್ಬ ಹುಡುಗ, 'ದಮ್ಮು' ಎಂದ ಮುದುಕನಿಗೆ ಅಸ್ತಮಾ ಎಂದು ಬರೆದ. ಅಜ್ಜ ಹೇಳಿದ್ದು ಗುಡ್ಡ ಹತ್ತುವಾಗ ಏದುಸಿರು ಬರುವುದನ್ನು, ತೊಂದರೆ ಇದ್ದದ್ದು ಹೃದಯದಲ್ಲಿ. ಗೋಡೆಯ ಪಟ್ಟಿಯೂ ಇನ್ನೊಂದು ಖಾನೆಯಾಗಿಬಿಟ್ಟಿತ್ತು.

ಎರಡನೆಯದು, ಮೊದಲ ಎರಡು ನಿಮಿಷ ಪೆನ್ನು ಹಿಡಿಯಬಾರದು, ನಡುವೆ ಪ್ರಶ್ನೆ ಹಾಕಬಾರದು ಎಂಬ ನಿಯಮ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಅಳೆದು ನೋಡಿದಾಗ, ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡಿಗೆ ತಡೆದಿದ್ದರು. ಮಕ್ಕಳಿಗೆ ಈ ಅಂಕಿ ಹೇಳಿದಾಗ ನಂಬಲಿಲ್ಲ, ಗಡಿಯಾರ ಹಿಡಿದು ಒಬ್ಬರನ್ನೊಬ್ಬರು ನೋಡಿಕೊಳ್ಳಲು ಹೇಳಿದ ಮೇಲೆ ನಂಬಿದರು. ಬ್ರಿಟನ್ನಿನಲ್ಲಿ 1975ರಲ್ಲಿ ಹ್ಯಾಂಪ್ಟನ್ ಮತ್ತು ಜೊತೆಗಾರರು 80 ಹೊಸ ರೋಗಿಗಳನ್ನು ನೋಡಿದಾಗ 66 ಜನರಲ್ಲಿ ಕೊನೆಗೆ ನಿಂತ ರೋಗನಿರ್ಣಯ ಹಿಸ್ಟರಿಯಿಂದಲೇ ಸಿಕ್ಕಿತ್ತು. ಸ್ಕ್ಯಾನಿಗೆ ಊರಿಂದೂರಿಗೆ ಹೋಗಬೇಕಾದ ನಮ್ಮ ರೋಗಿಗಳ ಪಾಲಿಗೆ ಈ ಮಾತಿನ ಬೆಲೆ ಇನ್ನೂ ಹೆಚ್ಚು.

ಮೂರನೆಯದು ಆ ವಿದ್ಯಾರ್ಥಿನಿಯಿಂದ ಬಂದದ್ದು, ಈಗ ನಮ್ಮ ಯೂನಿಟ್ಟಿನಲ್ಲಿ ನಾನು ಬಿಡದೆ ಪಾಲಿಸುವುದು ಇದನ್ನೇ. ಹಿಸ್ಟರಿಯನ್ನು ನನಗೆ ಹೇಳುವ ಮೊದಲು, ಅದನ್ನು ಹೇಳಿದವರಿಗೇ ಅವರ ಭಾಷೆಯಲ್ಲಿ ತಿರುಗಿ ಹೇಳಬೇಕು. ಅವರು ತಿದ್ದಿದ್ದನ್ನು ಕೇಸ್ ಶೀಟಿನಲ್ಲಿ ಬೇರೆ ಬಣ್ಣದಲ್ಲಿ ಬರೆಯಬೇಕು. ರೌಂಡ್ಸ್‌ನಲ್ಲಿ ನಾನು ಮೊದಲು ಕೇಳುವುದು, "ಅವರು ಏನು ತಿದ್ದಿದರು?" ಎಂದು. ಏನೂ ತಿದ್ದಲಿಲ್ಲ ಎಂದರೆ ನನಗೆ ಅನುಮಾನ ಬರುತ್ತದೆ.

ಇದೂ ಎಡವಿತು. ಮೊದಲ ತಿಂಗಳಲ್ಲೇ ಒಬ್ಬ ಹುಡುಗ, ಹೆಣ್ಣುಮಗಳೊಬ್ಬಳ ಗರ್ಭಪಾತದ ವಿಷಯವನ್ನು ಜನರಲ್ ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ತಿರುಗಿ ಹೇಳಿದ. ಪಕ್ಕದ ಬೆಡ್ಡಿನಲ್ಲಿದ್ದದ್ದು ಅವಳ ಊರಿನವರೇ. ನಿಯಮ ಮಾಡುವಾಗ ಇದನ್ನು ನಾನು ಯೋಚಿಸಬೇಕಿತ್ತು. ಆಕೆಗಾದ ನೋವನ್ನು ವಾಪಸು ಪಡೆಯಲು ಬರುವುದಿಲ್ಲ. ಈಗ ಮೈಯ, ಮನೆಯ ಗುಟ್ಟಿನ ಮಾತುಗಳನ್ನು ಪಕ್ಕದ ಪರೀಕ್ಷಾ ಕೋಣೆಯಲ್ಲಿ ಮಾತ್ರ, ರೋಗಿಗೆ ಮಾತ್ರ ತಿರುಗಿ ಹೇಳುತ್ತಾರೆ. ಇನ್ನೊಂದು ಕಷ್ಟ ಹೊತ್ತಿನದು, ಒಬ್ಬ ರೋಗಿಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಹತ್ತು ಮಕ್ಕಳಿಗೆ ಹತ್ತು ಬೆಡ್ ಕೊಡುವುದನ್ನು ಬಿಟ್ಟು, ಇಬ್ಬಿಬ್ಬರಿಗೆ ಒಂದು ಕೊಡುತ್ತೇವೆ. ಒಬ್ಬರು ಮಾತಾಡಿಸುತ್ತಾರೆ, ಇನ್ನೊಬ್ಬರು ಸುಮ್ಮನೆ ನೋಡುತ್ತಾರೆ: ಕೊರಳಲ್ಲಿ ಏನಿದೆ, ಕೈ ಹೇಗಿದೆ, ಯಾರು ಮಾತಾಡದೆ ಕೂತಿದ್ದಾರೆ.

ಹದಿನೈದು ದಿನದ ಮೇಲೆ

ರೈತ ತಪಾಸಣೆಗೆ ಬಂದಾಗ ಹೆಂಡತಿ, ಮಗ ಜೊತೆಗಿದ್ದರು. ಬರಲು ಹೇಳಿದ್ದು ವಿದ್ಯಾರ್ಥಿನಿಯೇ. ಪಂಪಿಗೆ ಹೊಸ ವಾಷರ್ ಹಾಕಿಸಿದ್ದರು. ಹೆಂಡತಿಯ ಬೆರಳ ಸಂದಿ ಮಾಯುತ್ತಿತ್ತು.

ವಿದ್ಯಾರ್ಥಿನಿ ಹುಡುಗನನ್ನು, "ಎಣ್ಣಿ ಹೊಡೆಯೋ ದಿನ ನಿನಗೆ ಹೇಗಿರುತ್ತೆ?" ಎಂದು ಕೇಳಿದಳು. "ಅವಂಗೇನೂ ಆಗೂದಿಲ್ರಿ" ಎಂದು ತಾಯಿ ಬಾಯಿ ಹಾಕಿದಳು. ವಿದ್ಯಾರ್ಥಿನಿ ತಾಯಿಗೆ ತಲೆಯಾಡಿಸಿ, ಹುಡುಗನ ಮುಖವನ್ನೇ ನೋಡುತ್ತ ಕಾದಳು. ಅವನು ಚಪ್ಪಲಿಯ ಉಂಗುಟ ತಿರುವುತ್ತ, "ತಲಿ ನೋಯ್ತೈತಿ. ಕಣ್ಣ ಮಬ್ಬ ಆಗ್ತಾವು. ಅವ್ವಗ ಹೇಳಿಲ್ಲ" ಎಂದ.

ಅವನ ರಕ್ತವನ್ನೂ ತಾಯಿಯ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆವು. ಮಗನನ್ನು ಇನ್ನು ಪಂಪಿನ ಹತ್ತಿರ ಬಿಡುವುದಿಲ್ಲ ಎಂದು ತಂದೆ ಮಾಲೆ ಮುಟ್ಟಿ ಹೇಳಿದರು. ಮುಂದಿನ ತಪಾಸಣೆಗೆ ಹುಡುಗನೂ ಬರಬೇಕು ಎಂದು ವಿದ್ಯಾರ್ಥಿನಿ ಚೀಟಿಯಲ್ಲಿ ಬರೆದುಕೊಟ್ಟಳು. ಪಂಪಿನ ಹತ್ತಿರ ಹೋಗುತ್ತಾನೋ ಇಲ್ಲವೋ, ಅದನ್ನು ಅವನನ್ನೇ ಕೇಳಬೇಕು ಎಂದಳು.